ಸೂಪರ್‌ವೈಸರ್ ಕಾಟ: ಕೆಲಸ ಬಿಡೂಕಿಂತ ಮೊದಲ ಏನ್ ಮಾಡ್ಬೇಕ್ರಿ?

ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಶೋರೂಮಿನಾಗ ಬಿಲ್ಲಿಂಗ್ ಮಾಡ್ತೀನ್ರಿ. ಇರೋದು ಎಂಟು ಮಂದಿ. ದಸರಾ ಆದಮ್ಯಾಲಿಂದ ಸೂಪರ್‌ವೈಸರ್ ಲೆಕ್ಕ ನೋಡೋ ನೆವದಾಗ ಮೈಗೆ ತಾಗಿ ನಿಲ್ತಾನ, ರಾತ್ರಿ ಮೆಸೇಜ್ ಹಾಕ್ತಾನ. ಉತ್ತರ ಕೊಡದಿದ್ರ ಮರುದಿನ ಎಲ್ಲಾರ ಮುಂದ ಬೈಗಳ. ಈಗ ಸಂಕ್ರಾಂತಿ ಬಂತು, ಇನ್ನೂ ನಿಂತಿಲ್ಲ. ಮಾಲಕರಿಗೆ ಹೇಳಿದ್ರ 'ಹೊಂದ್ಕೊಂಡು ಹೋಗವಾ' ಅಂದ್ರು. ರಾಜೀನಾಮೆ ಕೊಟ್ಟು ಅಣ್ಣಿಗೇರಿಗೆ ಹೊಳ್ಳಿ ಹೋಗ್ಲೇನು ಅನಸ್ತೈತಿ. ಅನುಭವ ಇದ್ದವ್ರು ಹೇಳ್ರಿ.

ಗದಗದಿಂದ: ತಂಗಿ, ನಾನೂ ಹಿಂಗ ಒಂದು ಸಣ್ಣ ಆಫೀಸಿನಾಗ ಸಿಕ್ಕಿಬಿದ್ದಿದ್ದೆ. ನಾ ಮಾಡಿದ ತಪ್ಪು ಅಂದ್ರ ಬರೀ ಬಾಯಿಲೆ ಹೇಳಿಕೋಂತ ದಿನಾ ಕಳದೆ. ಕೆಲಸದ ಜಾಗದಾಗ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ತಡಿಯೋ 2013ರ ಕಾಯ್ದೆ ಪ್ರಕಾರ ದೂರು ಲಿಖಿತ ಇರಬೇಕು, ಮೂರು ತಿಂಗಳೊಳಗ ಕೊಡಬೇಕು. ಮ್ಯಾಲಿಂದ ಮ್ಯಾಲ ನಡದಿದ್ರ ಕಡೇ ಘಟನೆಯಿಂದ ಲೆಕ್ಕ. ಅಂದ್ರ ನಿನ್ನ ಗಡುವು ಮುಗದಿಲ್ಲ. ತಡಕ್ಕ ಸರಿಯಾದ ಕಾರಣ ಇದ್ರ ದೂರು ವಿಚಾರಿಸೋ ಸಮಿತಿ ಇನ್ನೂ ಮೂರು ತಿಂಗಳ ತನಕ ಕೊಡಬಹುದು. ನನಗ ಹಂಗ ಕೊಟ್ರು, ಆದ್ರ ಅದನ್ನ ನಂಬಿ ಕೂಡಬ್ಯಾಡ.

ಹತ್ತು ಮಂದಿಗಿಂತ ಕಡಿಮಿ ಇರೋ ಕಡೆಯವ್ರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಧಾರವಾಡದಾಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯೊಳಗ ಕೇಳು, ಚಿಗರಿ ಬಸ್ ಹತ್ತಿದ್ರ ಅರ್ಧ ದಿನದ ಕೆಲಸ. ಆದ್ರ ಎಂಟು ಅನ್ನೋದನ್ನ ಇನ್ನೊಮ್ಮೆ ಎಣಸು. ಗುತ್ತಿಗಿ ಮ್ಯಾಲ ಬರೋವ್ರು, ದಿನಗೂಲಿಯವ್ರು ಎಲ್ಲಾರೂ ಸೇರ್ತಾರ. ಹತ್ತು ಆತಂದ್ರ ಒಳಗ ಸಮಿತಿ ಮಾಡೋದು ಮಾಲಕರ ಹೊಣಿ, ಮಾಡದಿದ್ರ 50,000 ರೂಪಾಯಿ ತನಕ ದಂಡ.

ದೂರಿನ ಆರು ಪ್ರತಿ ಒಯ್ಯಿ. ತಾರೀಖು, ಹೊತ್ತು, ಯಾರಿದ್ರು, ಏನಂದ, ಎಲ್ಲಾ ಬರಿ. ಮೆಸೇಜ್ ಅಳಿಸಬ್ಯಾಡ. ನಾ ಸಿಟ್ಟಿನಾಗ ಅಳಿಸಿಬಿಟ್ಟಿದ್ದೆ, ಆಮ್ಯಾಲ ಭಾಳ ಸಂಕಟಪಟ್ಟೆ.

ಧಾರವಾಡ ಕೋರ್ಟಿನಲ್ಲಿ ವಕೀಲೆ: ರಾಜೀನಾಮೆ ಈಗ ಬೇಡ. ಕೊಟ್ಟರೂ ದೂರಿನ ಹಕ್ಕು ಹೋಗುವುದಿಲ್ಲ, ಆದರೆ ಕೆಲಸದಲ್ಲಿದ್ದರೆ ವಿಚಾರಣೆ ಮುಗಿಯುವವರೆಗೆ ಮೂರು ತಿಂಗಳವರೆಗಿನ ರಜೆ ಅಥವಾ ವರ್ಗಾವಣೆಗೆ ಸಮಿತಿ ಶಿಫಾರಸು ಮಾಡಬಹುದು, ನೀವು ಲಿಖಿತವಾಗಿ ಕೇಳಬೇಕು. ಈ ರಜೆ ನಿಮ್ಮ ಸ್ವಂತ ರಜೆಯಲ್ಲಿ ಕಡಿತವಾಗುವುದಿಲ್ಲ. ವಿಚಾರಣೆಗೆ 90 ದಿನದ ಗಡುವಿದೆ. ಸಮಿತಿಯ ಮುಂದೆ ಇಬ್ಬರೂ ವಕೀಲರನ್ನು ತರುವಂತಿಲ್ಲ.

ಬಹಳ ಹೆಣ್ಣುಮಕ್ಕಳು ನನ್ನನ್ನು ಕೇಳುವುದು, ಸಾಬೀತಾಗದಿದ್ದರೆ ನನ್ನ ಮೇಲೇ ತಿರುಗುತ್ತದೆಯೇ ಎಂದು. ಇಲ್ಲ. ಪುರಾವೆ ಸಾಲದ್ದಕ್ಕೇ ಶಿಕ್ಷೆ ಇಲ್ಲ. ಬೇಕೆಂದೇ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ಸಿದ್ಧವಾದರೆ ಮಾತ್ರ ಕ್ರಮ.

ಸಮಿತಿಗೆ ಹೋದರೂ ಪೊಲೀಸರ ದಾರಿ ಮುಚ್ಚುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮು ಲೈಂಗಿಕ ಕಿರುಕುಳಕ್ಕೆ ಇದೆ. ವಕೀಲರ ಖರ್ಚಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. 15100ಕ್ಕೆ ಕರೆ ಮಾಡಿ.

ಹಾವೇರಿಯಿಂದ: ನಾ ಗಂಡಸ್ರಿ, ಈ ಕಾಯ್ದೆ ನನಗ ಬರಂಗಿಲ್ಲ. ನನ್ನ ಮ್ಯಾನೇಜರ್ ಬೈದು ಪಗಾರ ಹಿಡಿದು, ರಾಜೀನಾಮಿ ಪತ್ರಕ್ಕ ಸಹಿ ಹಾಕು ಅಂತ ಕುಂದರಿಸಿದ್ದ. ಹಾಕಲಿಲ್ಲ. ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟೆ, ಅಧಿಕಾರಿ ಎರಡೂ ಕಡೆಯವ್ರನ್ನ ಕರಿಸಿದ್ರು. ಪಗಾರ ಬಂತು, ಮಾತು ಬಿರುಸು ಹಂಗ ಐತಿ. ನನ್ನಂಥವ್ರು ಯಾರರ ಓದಾಕತ್ತಿದ್ರ ಪಗಾರ ಚೀಟಿ, ಹಾಜರಿ ಪುಸ್ತಕದ ಫೋಟೊ ಇಟ್ಕೊಳ್ರಿ. ಜಾತಿ ಹಿಡಿದು ಮಂದಿ ಮುಂದ ಬೈದ್ರ ಪರಿಶಿಷ್ಟರಿಗೆ 1989ರ ದೌರ್ಜನ್ಯ ತಡೆ ಕಾಯ್ದೆ ಐತಿ.

ಕೇಳಿದಾಕಿ: ಎಲ್ಲಾರಿಗೂ ಶರಣ್ರಿ. ರಾತ್ರಿ ಕುಂತು ಹನ್ನೊಂದು ತಾರೀಖು ಬರದೀನಿ. ಒಂದ ಅಂಜಿಕಿ. ನೋಡಿದ ಹುಡುಗಿ ಒಬ್ಬಾಕಿ ಅದಾಳ, ಹೆಸರು ಹೊರಗ ಬಂದ್ರ ಆಕಿ ಲಗ್ನದ ಮಾತಿಗೆ ತೊಂದ್ರಿ ಅಂತಾಳ.

ವಕೀಲೆ: ದೂರುದಾರಳ ಹೆಸರು, ಸಾಕ್ಷಿಯ ಹೆಸರು, ವಿಚಾರಣೆಯ ವಿವರ ಯಾವುದನ್ನೂ ಬಹಿರಂಗ ಮಾಡುವಂತಿಲ್ಲ, 2013ರ ಕಾಯ್ದೆಯ 16ನೇ ಕಲಮು. ಈ ಮಾತನ್ನು ಆಕೆಗೆ ಓದಿ ಹೇಳಿ.

ಕೇಳಿದಾಕಿ: ಹೇಳಿದೆ. ಸೋಮವಾರ ಆಕೀನೂ ನನ್ನ ಜೋಡಿ ಧಾರವಾಡಕ್ಕ ಬರ್ತಾಳಂತ.