ಡಯೋಡ್ ‘ತೆರೆದಿದೆ’ ಅಂದರೆ ಕರೆಂಟ್ ಹೋಗುತ್ತಾ, ಇಲ್ವಾ?

ನಮಸ್ಕಾರ. ಒಂದು ಪದಕ್ಕಾಗಿ ತಿಣುಕಾಡುತ್ತಿದ್ದೇನೆ.

ರಿಪೇರಿ ಕಲಿಯುವ ಹುಡುಗರಿಗೆ ಮಲ್ಟಿಮೀಟರ್ ಬಗ್ಗೆ ಕನ್ನಡದಲ್ಲಿ ನಾಲ್ಕು ಹಾಳೆ ಬರೆದು ಕೊಟ್ಟಿದ್ದೆ. ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಕೆಟ್ಟ ಡಯೋಡ್ ಒಂದೋ ಶಾರ್ಟ್ ಆಗಿರುತ್ತದೆ (ಎರಡೂ ಕಡೆ ಕರೆಂಟ್ ಬಿಡುತ್ತದೆ), ಇಲ್ಲವೇ ಓಪನ್ ಆಗಿರುತ್ತದೆ (ಯಾವ ಕಡೆಯೂ ಬಿಡುವುದಿಲ್ಲ). ಓಪನ್ ಅನ್ನುವ ಕಡೆ ‘ಡಯೋಡ್ ತೆರೆದಿದೆ’ ಎಂದು ಬರೆದೆ. ಪಠ್ಯಪುಸ್ತಕದ ‘ತೆರೆದ ಮಂಡಲ’ (ಓಪನ್ ಸರ್ಕ್ಯೂಟ್) ತಲೆಯಲ್ಲಿತ್ತು. ಮರುದಿನ ಒಬ್ಬ ಹುಡುಗ ಹಳೇ ಚಾರ್ಜರ್‌ನಿಂದ 1ಎನ್4007 ಡಯೋಡ್ ಕಿತ್ತು ಮೀಟರ್ ಇಟ್ಟ. ಒಳ್ಳೆಯ ಡಯೋಡ್ ಆದರೆ ಬೆಳ್ಳಿ ಪಟ್ಟಿಯ ಕಡೆ ಕಪ್ಪು ಕಡ್ಡಿ, ಇನ್ನೊಂದು ಕಡೆ ಕೆಂಪು ಕಡ್ಡಿ ಇಟ್ಟಾಗ ಮೀಟರ್ 500ರಿಂದ 700 ಮಿಲಿವೋಲ್ಟ್‌ನೊಳಗೆ ಏನಾದರೂ ತೋರಿಸಬೇಕು. ಕಡ್ಡಿ ಅದಲು ಬದಲು ಮಾಡಿದರೆ ಓಎಲ್ ಬರಬೇಕು, ಅಂದರೆ ಆ ಕಡೆ ಕರೆಂಟ್ ಹೋಗುತ್ತಿಲ್ಲ ಅಂತ. ಇದು ಎರಡೂ ಕಡೆ ಓಎಲ್. ‘ತೆರೆದಿದೆ ಸರ್’ ಅಂದ. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದನ್ನೇ ವಾಪಸ್ ಬೆಸುಗೆ ಹಾಕುತ್ತಿದ್ದಾನೆ! ಯಾಕೋ ಅಂದರೆ, ‘ತೆರೆದಿದ್ರೆ ಕರೆಂಟ್ ಹೋಗುತ್ತಲ್ವಾ ಸರ್?’

ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಬಾಗಿಲು ತೆರೆದರೆ ಜನ ಒಳಗೆ ಬರುತ್ತಾರೆ, ತೂಬು ತೆರೆದರೆ ನೀರು ಹರಿಯುತ್ತದೆ. ಮಂಡಲ ತೆರೆದರೆ ಮಾತ್ರ ಕರೆಂಟ್ ನಿಲ್ಲುತ್ತದೆ. ಬಳೆಯ ಬೆಸುಗೆ ಬಿಟ್ಟು ನಡುವೆ ಸಂದು ಬಿದ್ದ ಹಾಗೆ, ಸುತ್ತು ಅಲ್ಲಿಗೇ ತುಂಡಾಯಿತು ಅನ್ನುವುದು ಇಲ್ಲಿನ ಅರ್ಥ. ‘ತೆರೆ’ ಅಂದಾಗ ಕನ್ನಡದ ಕಿವಿಗೆ ಇದು ಕೇಳಿಸುವುದೇ ಇಲ್ಲ. ತಮಾಷೆ ಅಂದರೆ, ನಮ್ಮಜ್ಜಿ ‘ಲೈಟ್ ತೆಗಿ’ ಅಂದರೆ ಆರಿಸು ಅಂತ, ‘ಬಾಗಿಲು ತೆಗಿ’ ಅಂದರೆ ತೆರೆ ಅಂತ. ಅವರಿಗೆ ಮಂಡಲ ಪಾಠ ಸುಲಭವಾಗಿ ಹತ್ತುತ್ತಿತ್ತೇನೋ.

ಅಂಗಡಿಗಳಲ್ಲಿ ‘ಕಟ್ ಆಗಿದೆ’, ‘ಹೋಗಿದೆ’ ಅನ್ನುತ್ತಾರೆ. ‘ಹೋಗಿದೆ’ ಅಂದರೆ ಶಾರ್ಟೋ ಓಪನ್ನೋ ಗೊತ್ತಾಗುವುದಿಲ್ಲ. ‘ಕಡಿದಿದೆ’ ಫ್ಯೂಸಿಗೆ ಸರಿ, ಒಳಗಿನ ತಂತಿ ನಿಜಕ್ಕೂ ಕಡಿದಿರುತ್ತದೆ. ಆದರೆ ಹೊರಗೆ ಗುಂಡುಕಲ್ಲಿನ ಹಾಗಿರುವ ಡಯೋಡ್ ಕೈಯಲ್ಲಿ ಹಿಡಿದು ‘ಕಡಿದಿದೆ’ ಅನ್ನಲು ಯಾಕೋ ಬಾಯಿ ಬರುವುದಿಲ್ಲ. ‘ಒಳಗೆ ಬಿಟ್ಟುಕೊಂಡಿದೆ’ ಅಂದರೆ ಹೇಗೆ? ನನಗೆ ಸದ್ಯಕ್ಕೆ ಇದೇ ಇಷ್ಟ. ‘ಬೆಸುಗೆ ಬಿಟ್ಟಿದೆ’ ಅಂತ ಹೇಗೂ ಹೇಳುತ್ತೇವಲ್ಲ.

ಶಾರ್ಟ್‌ಗೆ ಪಠ್ಯದಲ್ಲಿರುವುದು ‘ಹ್ರಸ್ವಮಂಡಲ’. ಹುಡುಗರಿಗೆ ಹ್ರಸ್ವ ಅಂದರೆ ಅ ಇ ಉ ನೆನಪಾಗುತ್ತದೆ, ಹಾಗಾದರೆ ದೀರ್ಘಮಂಡಲ ಯಾವುದು ಅಂತ ಕೇಳುತ್ತಾರೆ. ಇಲ್ಲಿ ಉದ್ದ ಗಿಡ್ಡದ ಮಾತೇ ಇಲ್ಲ. ಹೋಗಬೇಕಾದ ದಾರಿ ಬಿಟ್ಟು ಕರೆಂಟ್ ಸಲೀಸಾದ ಇನ್ನೊಂದು ದಾರಿ ಹಿಡಿಯಿತು, ಅಷ್ಟೆ. ಅದಕ್ಕೆ ‘ಅಡ್ಡದಾರಿ’ ಚೆನ್ನಾಗಿದೆ ಅನಿಸುತ್ತದೆ, ದಾರಿ ತಪ್ಪಿದ ಧ್ವನಿಯೂ ಅದರಲ್ಲಿದೆ. ಆದರೂ ‘ಶಾರ್ಟ್’ ಹಳ್ಳಿ ಮನೆಗಳಿಗೂ ಬಂದುಬಿಟ್ಟಿದೆ, ಅದನ್ನು ಓಡಿಸುವ ಹಟ ನನಗಿಲ್ಲ. ಒಂದು ಎಚ್ಚರಿಕೆ ಮಾತ್ರ ಹಾಳೆಯಲ್ಲಿ ಬರೆದಿದ್ದೇನೆ: ಬೀಪ್ ಪರೀಕ್ಷೆಯಲ್ಲಿ ಮೀಟರ್ ಕೂಗಿತು ಅಂದ ಮಾತ್ರಕ್ಕೆ ಶಾರ್ಟ್ ಅಲ್ಲ. 8 ಓಮ್ ಸ್ಪೀಕರ್‌ಗೆ ಕಡ್ಡಿ ಇಟ್ಟರೂ ಅದು ಕೂಗುತ್ತದೆ.

ಚಾರ್ಜ್ ಹಿಡಿದಿಡುವ ಕೆಪಾಸಿಟರ್ ‘ಲೀಕ್’ ಆಗುವುದರಲ್ಲೂ ಎರಡು ಅರ್ಥ ಇದೆ. ಒಳಗಿನ ದ್ರವ ಬುಡದಲ್ಲಿ ಹೊರಬಂದು ಬೋರ್ಡ್ ಮೇಲೆ ಕಂದು ಕಲೆ ಮಾಡುವುದು ಒಂದು. ಹೊರಗೆ ಏನೂ ಕಾಣದೆ, ತಡೆಯಬೇಕಾದ ಡಿ.ಸಿ. ಕರೆಂಟನ್ನು ಒಳಗೊಳಗೇ ಬಿಡುವುದು ಇನ್ನೊಂದು. ಮೊದಲನೆಯದಕ್ಕೆ ‘ಒಸರು’, ಎರಡನೆಯದಕ್ಕೆ ‘ಸೋರು’ ಇಟ್ಟುಕೊಂಡಿದ್ದೇನೆ. ಇದರ ಬಗ್ಗೆ ತಕರಾರು ಇದ್ದರೆ ಹೇಳಿ.

ನನ್ನ ಮುಖ್ಯ ಪ್ರಶ್ನೆ ಓಪನ್‌ದೇ. ನಿಮ್ಮ ಕಡೆ ಮೋಟಾರ್ ವೈಂಡಿಂಗ್ ಮಾಡುವವರು, ಲೈನ್‌ಮನ್‌ಗಳು, ರೇಡಿಯೋ ರಿಪೇರಿಯ ಹಳಬರು ಇದಕ್ಕೆ ಏನನ್ನುತ್ತಾರೆ? ಧಾರವಾಡದ ಕಡೆ ‘ಮೀಟರ್ ಹಚ್ಚಿ ನೋಡು’ ಅನ್ನುವ ಹಾಗೆ, ಅಲ್ಲಿ ಬೇರೆ ಮಾತು ಇದ್ದರೂ ಇರಬಹುದು. ಹಾಳೆಯನ್ನು ಮತ್ತೆ ಜೆರಾಕ್ಸ್‌ಗೆ ಕೊಡಬೇಕು. ಆ ಒಂದು ಜಾಗ ಖಾಲಿ ಬಿಟ್ಟು ಕಾಯುತ್ತಿದ್ದೇನೆ.