ಮಂಡಿಯಲ್ಲೊಬ್ಬ ಬಕಾಸುರ. ಇಂಥವರ ಜೊತೆ ಕೆಲಸ ಮಾಡೋದು ಹೇಗೆ?

ಗೋಟಡಿಕೆ ಮಾಣಿ, ಶಿರಸಿ

ಇಲ್ಲಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೂರು ವರ್ಷ ಆಯಿತು. ಸಂಬಳ ಪರವಾಗಿಲ್ಲ, ಮನೆಗೆ ಹತ್ತಿರ, ಬಿಡುವ ಯೋಚನೆ ಇಲ್ಲ. ತೊಂದರೆ ಒಂದೇ. ಜೊತೆಗೆ ಒಬ್ಬರು ಹಿರಿಯರಿದ್ದಾರೆ, ಎಲ್ಲರೂ ಅಣ್ಣ ಅಂತಲೇ ಕರೆಯುತ್ತೇವೆ. ಕೆಲಸ ಗೊತ್ತಿಲ್ಲ ಅಂತಲ್ಲ, ಕಣ್ಣು ಮುಚ್ಚಿ ಚೀಲದಲ್ಲಿ ಕೈಯಾಡಿಸಿದರೆ ಅಡಿಕೆಯಲ್ಲಿ ಚಾಲಿ ತರ ಯಾವುದು ಬಿಳಿಗೋಟು ತರ ಯಾವುದು ಹೇಳುತ್ತಾರೆ. ಆದರೆ ತಪ್ಪು ಯಾರದೇ ಆಗಲಿ ಬೇರೆಯವರ ತಲೆಗೆ ಕಟ್ಟುತ್ತಾರೆ. ಕೂಗಾಟ ಬೇರೆ.

ಹೋದ ವಾರ ಇಬ್ಬರು ಬೆಳೆಗಾರರ ಲಾಟ್ ನಂಬರ್ ಅದಲು ಬದಲಾಯಿತು. ಎಂಟು ಚೀಲ ಚಾಲಿ ಒಬ್ಬರದ್ದು, ದುಡ್ಡು ಇನ್ನೊಬ್ಬರ ಖಾತೆಗೆ. ತೂಕದ ಚೀಟಿ ಬರೆದದ್ದು ಅಣ್ಣನೇ. ಅಕ್ಷರ ಅವರದ್ದೇ, 7ಕ್ಕೆ ನಡುವೆ ಗೆರೆ ಎಳೆಯುವುದು ಮಂಡಿಯಲ್ಲಿ ಅವರೊಬ್ಬರೇ. ಆದರೂ ಯಜಮಾನರ ಎದುರು, ಆ ಬೆಳೆಗಾರರ ಎದುರು, "ಹುಡುಗ ನೋಡಿಲ್ಲ ಮಾರಾಯ್ರೇ, ಇವತ್ತಿನ ಹುಡುಗರೇ ಹೀಗೆ" ಅಂದುಬಿಟ್ಟರು. ಯಜಮಾನರು ತಲೆಯಾಡಿಸಿದರು. ನಾನು ಬಾಯಿ ತೆರೆಯುವ ಹೊತ್ತಿಗೆ ಎಲ್ಲರೂ ಚಾ ಕುಡಿಯಲು ಹೋಗಿದ್ದರು.

ಅದೇ ರಾತ್ರಿ ಊರಲ್ಲಿ ಯಕ್ಷಗಾನ ಆಟ ಇತ್ತು, ಬಕಾಸುರ ವಧೆ. ಬಕನ ಒಡ್ಡೋಲಗ ನೋಡುತ್ತಾ ಕೂತವನಿಗೆ ನಮ್ಮ ಅಣ್ಣನೇ ರಂಗಸ್ಥಳಕ್ಕೆ ಬಂದಹಾಗಾಯಿತು, ಅದೇ ಅಬ್ಬರ, ಅದೇ ಹೊಟ್ಟೆ. ಅರ್ಧಕ್ಕೆ ನಿದ್ದೆ ಬಂತು, ಭೀಮ ಏನು ಮಾಡಿದ ಸರಿಯಾಗಿ ನೋಡಲಿಲ್ಲ. ತಮಾಷೆಗೆ ಕೇಳುತ್ತಿಲ್ಲ. ರಾಕ್ಷಸರ ಕಥೆ ಇಷ್ಟೊಂದು ಕೇಳಿಕೊಂಡು ಬೆಳೆದಿದ್ದೇವೆ, ಅದರಲ್ಲಿ ಇಂಥವರಿಗೆ ಏನಾದರೂ ಮದ್ದು ಇದೆಯಾ?

ಕುಮಟಾ ಮೇಷ್ಟ್ರು

ಮೊದಲು ಒಂದು ಕೇಳುತ್ತೇನೆ. ನಿಮ್ಮ ಮಂಡಿಗೆ ವಾಟ್ಸಾಪ್ ಗುಂಪು ಇದೆಯಾ? ಇದ್ದರೆ ಅಲ್ಲಿ ಈ ವಿಷಯ ಎತ್ತಲೇಬೇಡಿ. ರಕ್ತಬೀಜ ಗೊತ್ತಲ್ವಾ, ಒಂದೊಂದು ಹನಿ ರಕ್ತ ನೆಲಕ್ಕೆ ಬಿದ್ದಾಗಲೂ ಅವನಂಥವನೇ ಇನ್ನೊಬ್ಬ ಏಳುತ್ತಿದ್ದ. ಹೊಡೆದಷ್ಟೂ ಜಾಸ್ತಿ. ಕಾಳಿ ಅವನಿಗಿಂತ ಗಟ್ಟಿಯಾಗಿ ಹೊಡೆದು ಗೆದ್ದಿದ್ದಲ್ಲ, ನಾಲಿಗೆ ಚಾಚಿ ಹನಿ ನೆಲ ಮುಟ್ಟದ ಹಾಗೆ ನೋಡಿಕೊಂಡಳು. ನಮ್ಮ ಶಾಲೆಯ ಗುಂಪಿನಲ್ಲಿ ನಾನು ಒಂದು ಸಾಲು ಉತ್ತರ ಬರೆದು ಹನ್ನೊಂದು ಜನರ ಹತ್ತಿರ ಬೈಸಿಕೊಂಡೆ, ಅದರಲ್ಲಿ ಮೂವರಿಗೆ ವಿಷಯ ಏನಂತಲೇ ಗೊತ್ತಿರಲಿಲ್ಲ.

ಬಡಗಿನ ಹುಚ್ಚ, ಹೊನ್ನಾವರ

ಮಾಣಿ, ನಿದ್ದೆ ಮಾಡಿ ಒಳ್ಳೇ ಭಾಗವನ್ನೇ ಕಳೆದುಕೊಂಡೆಯಲ್ಲ! ಗುಣವಂತೆಯಲ್ಲಿ 1934ರಲ್ಲಿ ಶುರುವಾದ ಇಡಗುಂಜಿ ಮೇಳದ ಆಟ ನೋಡುತ್ತಾ ಬೆಳೆದವನು ನಾನು, ಸಣ್ಣಪುಟ್ಟ ವೇಷವನ್ನೂ ಕಟ್ಟಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೋ.

ಬಕನ ಕಥೆಯಲ್ಲಿ ಎಲ್ಲರಿಗೂ ನೆನಪಿರುವುದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ. ಆದರೆ ಮಹಾಭಾರತದ ಆದಿಪರ್ವದಲ್ಲಿ ಆ ಬ್ರಾಹ್ಮಣ ಕುಂತಿಗೆ ಹೇಳುವ ಮಾತು ಕೇಳು. ಬಕ ಸುಮ್ನೆ ತಿನ್ನುತ್ತಿರಲಿಲ್ಲ. ಏಕಚಕ್ರಕ್ಕೆ ಹೊರಗಿನ ಶತ್ರುಗಳು ಬರದ ಹಾಗೆ ಕಾಯುತ್ತಿದ್ದ, ಬಂಡಿ ಅನ್ನ ಅದರ ಸಂಬಳ! ಅಲ್ಲಿಯ ಅರಸ ಕೈಲಾಗದವನು, ಊರನ್ನು ತಾನು ಕಾಯಲಿಲ್ಲ, ಹಾಗಾಗಿ ರಾಕ್ಷಸನ ಕೈಗೆ ಹೋಯಿತು. ಈಗ ಹೇಳು, ನಿಮ್ಮ ಅಣ್ಣ ಯಜಮಾನರಿಗೆ ಏನು ಮಾಡಿಕೊಡುತ್ತಾನೆ? ಯಜಮಾನರ ಕೈಲಾಗದ್ದು ಏನೋ ಅವನು ಮಾಡುತ್ತಿರುತ್ತಾನೆ. ವ್ಯಾಪಾರಿಗಳಿಂದ ಬಾಕಿ ವಸೂಲಿ ಇರಬಹುದು, ಜಗಳ ಬಂದಾಗ ಮುಂದೆ ನಿಲ್ಲುವುದು ಇರಬಹುದು. ಅವನ ಬಂಡಿ ಅನ್ನ ನೀನು ತಿನ್ನುವ ಬೈಗುಳ.

ಇನ್ನೊಂದು ಮಾತು. ಊರವರು ಯಾಕೆ ಒಟ್ಟಾಗಲಿಲ್ಲ? ಒಂದೊಂದು ಮನೆಗೆ ಸರದಿ ಬರುವುದು ಎಷ್ಟೋ ವರ್ಷಕ್ಕೊಮ್ಮೆ. ಪಕ್ಕದ ಮನೆಯಲ್ಲಿ ಅಳು ಕೇಳಿದರೆ ಪಾಪ ಅನ್ನಿಸುತ್ತದೆ, ಜೊತೆಗೆ ಸದ್ಯ ನಮ್ಮ ಸರದಿ ಅಲ್ಲವಲ್ಲ ಅಂತ ನಿದ್ದೆಯೂ ಬರುತ್ತದೆ. ಮಂಡಿಯಲ್ಲೂ ಹಾಗೇ ಇರಬೇಕು.

ಭೀಮ ಏನು ಮಾಡಿದ ಅಂತ ಕೇಳಿದೆಯಲ್ಲ. ಅನ್ನದ ಬಂಡಿ ತೆಗೆದುಕೊಂಡು ಹೋಗಿ ತಾನೇ ತಿನ್ನಲು ಕೂತ. ಬಕ ಬಂದು ಕೂಗಿದ, ಬೆನ್ನಿಗೆ ಗುದ್ದಿದ, ಇವನು ತಿರುಗಿಯೂ ನೋಡಲಿಲ್ಲ. ಊಟ ಮುಗಿಸಿ, ಕೈ ಬಾಯಿ ತೊಳೆದು, ಆಮೇಲೆ ಎದ್ದ. ಅಣ್ಣ ಕೂಗುವಾಗ ನೀನು ನಿನ್ನ ಲೆಕ್ಕ ಕೂಡಿಸುತ್ತಾ ಕೂತಿರು, ಅದರಷ್ಟು ಉರಿಸುವುದು ಬೇರೆ ಇಲ್ಲ. (ಗುದ್ದಿದರೆ ಮಾತ್ರ ಎದ್ದು ಓಡು, ನೀನು ಭೀಮ ಅಲ್ಲ.)

ನಮ್ಮ ಜಿಲ್ಲೆಯವರಿಗೆ ಯಾಣ ನೋಡಿದರೂ ಇದೇ ನೆನಪಾಗಬೇಕು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರ್‌ನ ಮೋಹಿನಿ ಶಿಖರ, ಸುತ್ತಲಿನ ಕಪ್ಪು ಮಣ್ಣು ಭಸ್ಮಾಸುರ ಸುಟ್ಟ ಬೂದಿ ಅಂತ ಹೇಳುತ್ತಾರೆ. ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ ಅನ್ನುವ ಗಾದೆಯನ್ನು ಹತ್ತುವ ಕಷ್ಟಕ್ಕೆ ಹೇಳಿದ್ದು ಅಂದುಕೊಂಡಿದ್ದೇವೆ, ನನಗೇನೋ ಭಸ್ಮಾಸುರನಿಗೇ ಹೇಳಿದ ಹಾಗಿದೆ. ಆ ಕೈಗೆ ಉರಿ ಎಲ್ಲಿಂದ ಬಂತು? ಶಿವನೇ ಕೊಟ್ಟದ್ದು. ಕೊಟ್ಟು, ಆಮೇಲೆ ತಾನೇ ಓಡಿದ. ಅಸುರನನ್ನೇ ನೋಡುತ್ತಾ ಕೂರಬೇಡ ಮಾಣಿ, ವರ ಕೊಟ್ಟವರು ಎಲ್ಲಿ ಕೂತಿದ್ದಾರೆ ನೋಡು. ನಿನ್ನ ಕಥೆಯಲ್ಲಿ ಅವರು ತಲೆಯಾಡಿಸಿ ಚಾಕ್ಕೆ ಹೋದರು.

ತದಡಿ ದೋಣಿ

ನಮ್ಮಲ್ಲಿ ಇರುವವನು ಕುಂಭಕರ್ಣ. ಎಬ್ಬಿಸದಿದ್ದರೆ ಯಾರಿಗೂ ತೊಂದರೆ ಇಲ್ಲ, ಎಬ್ಬಿಸಿದರೆ ಮೀನಿನ ಲೆಕ್ಕ ಪೂರ್ತಿ ಕೆಡುತ್ತದೆ. ಮಲಗಲಿ ಬಿಡಿ.

ಕಾಳಿ ಸೇತುವೆ, ಕಾರವಾರ

ಎಲ್ಲರೂ ಪುರಾಣ ಹೇಳುತ್ತಿದ್ದಾರೆ, ನಾನು ಪರದೇಶದ ಕಥೆಗೆ ಬರುತ್ತೇನೆ. 1897ರಲ್ಲಿ ಬಂದ ಡ್ರಾಕುಲಾ ಕಾದಂಬರಿಯನ್ನು ಹೋದ ಮಳೆಗಾಲ ಕರೆಂಟ್ ಇಲ್ಲದ ರಾತ್ರಿಗಳಲ್ಲಿ ಓದಿದೆ. ಸಿನಿಮಾ ನೋಡಿದವರಿಗೆ ಶಿಲುಬೆ, ಬೆಳ್ಳುಳ್ಳಿ ಮಾತ್ರ ಗೊತ್ತು. ಪುಸ್ತಕದಲ್ಲಿ ಅವನನ್ನು ಹಿಡಿದದ್ದು ಕಾಗದ ಪತ್ರ. ಮೀನಾ ಅಂತ ಒಬ್ಬಳಿದ್ದಾಳೆ, ಟೈಪಿಂಗ್ ಬರುತ್ತದೆ. ಗಂಡನ ದಿನಚರಿ, ಡಾಕ್ಟರ ಟಿಪ್ಪಣಿ, ಪೇಪರಿನ ಸುದ್ದಿ, ಟೆಲಿಗ್ರಾಂ, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಟೈಪ್ ಮಾಡುತ್ತಾಳೆ. ಒಬ್ಬೊಬ್ಬರ ಹತ್ತಿರ ಇದ್ದಾಗ ಹುಚ್ಚರ ಮಾತಿನ ಹಾಗಿದ್ದದ್ದು ಒಟ್ಟಿಗೆ ಇಟ್ಟಾಗ ದಾರಿ ತೋರಿಸುತ್ತದೆ. ಡ್ರಾಕುಲಾ ಒಂದು ರಾತ್ರಿ ಬಂದು ಆ ಕಾಗದ ಸುಡುತ್ತಾನೆ. ಆದರೆ ಇನ್ನೊಂದು ಪ್ರತಿ ತಿಜೋರಿಯಲ್ಲಿ ಇತ್ತು!

ಹಾಗಾಗಿ ತೂಕದ ಚೀಟಿಗೆ ಕಾರ್ಬನ್ ಪ್ರತಿ ಇದ್ದರೆ ಅದನ್ನು ತಾರೀಖು ಪ್ರಕಾರ ಫೋಟೋ ತೆಗೆದು ಇಟ್ಟುಕೊಳ್ಳಿ. ಚೀಟಿ ಬರೆದವರು ಸಹಿ ಹಾಕುವ ಪದ್ಧತಿ ತರಲು ಯಜಮಾನರಿಗೆ ಹೇಳಿ, ಅಣ್ಣನ ಹೆಸರು ಎತ್ತದೆ ಹೇಳಿ.

ಇನ್ನೊಂದು ಸಂಗತಿ. ಬಿಸಿಲು ತಾಗಿದರೆ ರಕ್ತಪಿಶಾಚಿ ಸತ್ತುಹೋಗುತ್ತದೆ ಅನ್ನುವುದು 1922ರ ಜರ್ಮನ್ ಮೂಕಿ ಚಿತ್ರದಿಂದ ಬಂದದ್ದು. ಕಾದಂಬರಿಯ ಡ್ರಾಕುಲಾ ಹಗಲಲ್ಲೇ ಓಡಾಡುತ್ತಾನೆ, ಶಕ್ತಿ ಕಡಿಮೆ ಅಷ್ಟೆ. ಎಲ್ಲರ ಎದುರು ಬಣ್ಣ ಬಯಲು ಮಾಡಿದರೆ ಅಣ್ಣ ಉರಿದು ಬೂದಿಯಾಗುತ್ತಾನೆ ಅಂತ ಕನಸು ಕಾಣಬೇಡಿ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅದೇ ಕುರ್ಚಿಯಲ್ಲಿ ಇರುತ್ತಾನೆ.

ಹಿತ್ತಲ ಬಸಳೆ

ನಿಮಗೆಲ್ಲ ರಾಕ್ಷಸ ಅನ್ನುವುದು ಎಷ್ಟು ಸಲೀಸು! ನಾನು ಇಪ್ಪತ್ತಾರು ವರ್ಷ ಒಂದು ಕಚೇರಿಯಲ್ಲಿದ್ದೆ. ನಿವೃತ್ತಿಯ ದಿನ ಹಾರ ಹಾಕಿ ಫೋಟೋ ತೆಗೆದರು. ಆಮೇಲೆ ಗೊತ್ತಾಯಿತು, ಹಿಂದಿನಿಂದ ನನ್ನನ್ನು ಶೂರ್ಪನಖಿ ಅಂತ ಕರೆಯುತ್ತಿದ್ದರಂತೆ. ಯಾಕೆ ಅಂದರೆ ಕಡತ ತಡವಾದರೆ ಕೇಳುತ್ತಿದ್ದೆ. ಜೋರಾಗಿ ಕೇಳುತ್ತಿದ್ದೆ, ಒಪ್ಪುತ್ತೇನೆ. ಮೆತ್ತಗೆ ಕೇಳಿದ ಮೊದಲ ಐದು ವರ್ಷ ಯಾರೂ ತಿರುಗಿ ನೋಡಿರಲಿಲ್ಲ.

ಫ್ರಾಂಕನ್‌ಸ್ಟೈನ್ ಅಂದರೆ ಆ ವಿಕಾರ ಪ್ರಾಣಿಯ ಹೆಸರು ಅಂದುಕೊಂಡವರೇ ಜಾಸ್ತಿ. ಅದು ಅದನ್ನು ಮಾಡಿದವನ ಹೆಸರು. ಅದಕ್ಕೆ ಹೆಸರೇ ಇಲ್ಲ. ಮೇರಿ ಶೆಲ್ಲಿ ಅದನ್ನು ಬರೆಯಲು ಕೂತಾಗ ಅವಳಿಗೆ ಹದಿನೆಂಟು, ಪುಸ್ತಕ ಬಂದದ್ದು 1818ರಲ್ಲಿ. ಸುಮಾರು ಎರಡು ವರ್ಷ ಕಷ್ಟಪಟ್ಟು ಜೀವ ಕೊಟ್ಟವನು ಅದು ಕಣ್ಣು ಬಿಟ್ಟ ರಾತ್ರಿಯೇ ಹೆದರಿ ಓಡಿಹೋಗುತ್ತಾನೆ. ಅದು ಕಾಡಿಗೆ ಹೋಗಿ ಒಂದು ಬಡವರ ಮನೆಯ ಪಕ್ಕದ ಕೊಟ್ಟಿಗೆಯಂಥ ಜಾಗದಲ್ಲಿ ಅಡಗಿ, ಗೋಡೆಯ ಸಂದಿಯಿಂದ ನೋಡಿ ನೋಡಿ ಮಾತು ಕಲಿಯುತ್ತದೆ. ರಾತ್ರಿ ಯಾರಿಗೂ ಗೊತ್ತಾಗದ ಹಾಗೆ ಅವರಿಗೆ ಸೌದೆ ತಂದಿಡುತ್ತದೆ. ಆ ಮನೆಯ ಕುರುಡ ಅಜ್ಜನೊಬ್ಬ ಮಾತ್ರ ಪ್ರೀತಿಯಿಂದ ಮಾತಾಡುತ್ತಾನೆ, ಅವನಿಗೆ ಕಾಣುವುದಿಲ್ಲವಲ್ಲ. ಮಗ ಬಂದವನೇ ಕೋಲು ತೆಗೆದುಕೊಂಡು ಬಡಿಯುತ್ತಾನೆ. ಕೊಲೆಗಳೆಲ್ಲ ಆದದ್ದು ಅದಾದ ಮೇಲೆ.

ಅಣ್ಣ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ, ಚೀಟಿಯ ವಿಷಯದಲ್ಲಿ ಅವರದ್ದು ಸುಳ್ಳೇ. ಅದನ್ನು ಕೇಳಲೇಬೇಕು. ಆದರೆ ಅವರ ಹೊಟ್ಟೆ, ಅಬ್ಬರ ನೋಡಿ ಬಕ ಅಂದೆಯಲ್ಲ ತಮ್ಮ, ಅದು ಬೇರೆ ವಿಷಯ. ಆ ಮನುಷ್ಯ ಮಂಡಿಗೆ ಸೇರಿದಾಗ ಅವರ ತಲೆಗೆ ಯಾರು ತಪ್ಪು ಕಟ್ಟಿದ್ದರು, ಯಾರಾದರೂ ಕೇಳಿದ್ದಾರಾ?

ಬಡಗಿನ ಹುಚ್ಚ, ಹೊನ್ನಾವರ

ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು. ವೇಷ ಕಟ್ಟುವ ಚೌಕಿಯಲ್ಲಿ ನೋಡಿದ್ದೇನೆ, ರಾಕ್ಷಸ ವೇಷದವರು ಬಣ್ಣ ಬಳಿದುಕೊಂಡು ಗಂಟೆಗಟ್ಟಲೆ ಸುಮ್ನೆ ಕೂತಿರುತ್ತಾರೆ, ಮಕ್ಕಳು ಹತ್ತಿರ ಹೋದರೆ ನಗುತ್ತಾರೆ. ಆದರೂ ಹೇಳುತ್ತೇನೆ, ವೇಷ ಕಳಚಿ ಬೆಳಿಗ್ಗೆ ಮನೆಗೆ ಹೋಗುವವರು ಅವರು. ಕೆಲವರು ಮಂಡಿಗೂ ಕಿರೀಟ ಕಟ್ಟಿಕೊಂಡೇ ಬರುತ್ತಾರೆ.

ಗೋಟಡಿಕೆ ಮಾಣಿ, ಶಿರಸಿ

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು, ಟೆಂಡರ್ ದಿನ ತಲೆ ಎತ್ತಲಿಕ್ಕೂ ಆಗುವುದಿಲ್ಲ.

ಅಕ್ಕ ಹೇಳಿದ್ದನ್ನು ಅಣ್ಣನ ಹತ್ತಿರವೇ ಕೇಳಿದೆ. ಧೈರ್ಯ ಮಾಡಿ ಅಲ್ಲ, ಕವಳ ಹಾಕುತ್ತಾ ಕೂತಿದ್ದಾಗ ಬಾಯಿಗೆ ಬಂತು. ನೀವು ಬಂದ ಹೊಸತರಲ್ಲಿ ಇಲ್ಲಿ ಯಾರಿದ್ದರು ಅಂತ. ಒಂದು ಹೆಸರು ಹೇಳಿದರು. ಉಗುಳಿ ಬಂದು, ಸುಣ್ಣದ ಡಬ್ಬಿ ಮುಚ್ಚಿ, "ಅದೆಲ್ಲ ನಿನಗೆ ಎಂತಕ್ಕೆ" ಅಂದರು. ಅಷ್ಟೇ. ಮಧ್ಯಾಹ್ನ ಮತ್ತೆ ಕೂಗಿದರು, ಬೇರೆ ಹುಡುಗನ ಮೇಲೆ.

ನಿಜ ಹೇಳಬೇಕು ಅಂದರೆ ನನಗೆ ಚುಚ್ಚಿದ್ದು ಆ ಸರದಿಯ ಮಾತು. ಹೋದ ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬನಿದ್ದ. ಕೆಂಪುಗೋಟಿನ ಲಾಟ್ ಒಂದರಲ್ಲಿ ಇದೇ ರೀತಿ ಆಯಿತು. ಅವತ್ತು ನಾನು ರಿಜಿಸ್ಟರ್ ಒಳಗೆ ಮುಖ ಇಟ್ಟು ಕೂತಿದ್ದೆ, ಭೀಮನ ಹಾಗೆ ಅಲ್ಲ, ಹೆದರಿ. ತಿಂಗಳಲ್ಲಿ ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋದ. ನಿನ್ನೆ ರಾತ್ರಿ ಫೋನ್ ಮಾಡಿದೆ. ಮೊದಲು ಸುಮಾರು ಹೊತ್ತು ಮಾತಾಡಲಿಲ್ಲ. "ಈಗ ಯಾಕೆ ನೆನಪಾಯಿತು?" ಅಂದ. ಹೇಳಿದೆ. ನಕ್ಕ. ಅವತ್ತಿನ ತೂಕದ ಚೀಟಿಯ ಕಾರ್ಬನ್ ಪ್ರತಿ ಅವನ ಹತ್ತಿರ ಇನ್ನೂ ಇದೆಯಂತೆ, ಹಳೇ ಡೈರಿಯಲ್ಲಿ. ಬಣ್ಣ ಹೋಗಿದೆ, ಆದರೆ 7ರ ಗೆರೆ ಕಾಣುತ್ತದಂತೆ.

ಕೊಡುತ್ತೀಯಾ ಅಂತ ಕೇಳಲಿಲ್ಲ. ಶನಿವಾರ ಶಿರಸಿಗೆ ಬರುವವನಿದ್ದಾನೆ. ತೊಡೆದೇವು ತೆಗೆದಿಡು, ಆಮೇಲೆ ನೋಡೋಣ ಅಂದ.