ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಹಳೇ ಗೆಳೆಯರ ಮನೆಗೆ, ಜುಲೈ ಕೊನೆಗೆ: ಕಾರಾ, ಬಸ್ಸಾ? ಅನುಭವ ಇದ್ದವರು ಹೇಳಿ

ಕಾವೇರಿ_ದಂಡೆ
ನಮಸ್ಕಾರ. ನಾವಿಬ್ಬರೂ ನಿವೃತ್ತರು, ಇಬ್ಬರಿಗೂ 60 ದಾಟಿದೆ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಕಾಲೇಜು ದಿನಗಳ ಗೆಳೆಯರ ಎರಡು ಮನೆಗಳಿವೆ. ಒಂದು ಕೆಂಡಲ್ ಪಟ್ಟಣದಲ್ಲಿ, ಇನ್ನೊಂದು ಕೆಸ್ವಿಕ್ ದಾಟಿ ಬಾರೋಡೇಲ್ ಕಣಿವೆಯೊಳಗೆ. ಲಂಡನ್‌ನಿಂದ ಹೊರಟು ಎರಡೂ ಕಡೆ ಹೋಗಿಬರಬೇಕು. ಕಾರು ಬಾಡಿಗೆಗೆ ತಗೊಳ್ಳೋದಾ, ರೈಲು-ಬಸ್ಸು ಸಾಕಾ? ಅವರ ಮನೆಯಲ್ಲೇ ಉಳಿಯೋದಾ, ಹತ್ತಿರ ರೂಮ್ ಮಾಡೋದಾ? ನಮ್ಮ ಯಜಮಾನರಿಗೆ ಮಂಡಿನೋವು, ಗುಡ್ಡ ಹತ್ತೋ ಆಸೆ ಇಲ್ಲ.

ಸ್ಟಿಯರಿಂಗ್_ಶೆಟ್ಟಿ
ಕಾರು ತಗೊಳ್ಳಿ, ಮುಗೀತು. ಬಾರೋಡೇಲ್‌ಗೆ ಬಸ್ಸಿದೆ ಅಂತ ಈಗ ಯಾರೋ ಬಂದು ಹೇಳ್ತಾರೆ. ಇದೆ. ಗೆಳೆಯರ ಜೊತೆ ಕೆಸ್ವಿಕ್‌ನಲ್ಲಿ ರಾತ್ರಿ ಊಟ ಮುಗಿಸೋ ಹೊತ್ತಿಗೆ ಇರಲ್ಲ.

ನಮ್ಮ ಭಾರತದ ಲೈಸೆನ್ಸ್ ಅಲ್ಲಿ 12 ತಿಂಗಳು ನಡೆಯುತ್ತೆ, ಎಡಗಡೆ ಓಡಿಸೋದು, ಸ್ಟಿಯರಿಂಗ್ ಬಲಕ್ಕೆ, ಹೊಸದೇನಿಲ್ಲ. ಖರ್ಚು ಬೀಳೋದು ಬೇರೆ ಕಡೆ. ಬುಕ್ ಮಾಡುವಾಗ ಕಾಣೋ ದಿನದ ಬಾಡಿಗೆ ನೋಡಬೇಡಿ, ಎಕ್ಸೆಸ್ ಎಷ್ಟು ಅಂತ ನೋಡಿ. ಅಂದರೆ ಗಾಡಿಗೆ ಪೆಟ್ಟಾದರೆ ವಿಮೆಗಿಂತ ಮೊದಲು ನಿಮ್ಮ ಜೇಬಿನಿಂದ ಹೋಗೋ ಮೊತ್ತ. ಸಾವಿರ ಪೌಂಡ್ ದಾಟೋದು ಮಾಮೂಲು. ಅಷ್ಟೂ ಹಣವನ್ನು ಓಡಿಸೋರ ಹೆಸರಿನ ಕ್ರೆಡಿಟ್ ಕಾರ್ಡ್‌ನಲ್ಲಿ ತಡೆಹಿಡೀತಾರೆ, ಡೆಬಿಟ್ ಕಾರ್ಡ್ ತೋರಿಸಿದರೆ ಎಷ್ಟೋ ಕಡೆ ಕೀ ಕೊಡಲ್ಲ. ಕೌಂಟರ್‌ನಲ್ಲಿ ದಿನದ ಲೆಕ್ಕದಲ್ಲಿ ಮಾರೋ ವಿಮೆ ಬೇಡ ಅನ್ನಿ. ಎಕ್ಸೆಸ್‌ಗೆ ಬೇರೆ ಕಂಪನಿಯ ಪಾಲಿಸಿ ಮೊದಲೇ ತಗೊಂಡರೆ ತುಂಬಾ ಅಗ್ಗ. ಆದರೆ ಅದು ಮೊದಲು ನೀವು ಕಟ್ಟಿ ಆಮೇಲೆ ವಾಪಸ್ ಕೇಳೋ ಪಾಲಿಸಿ, ನೆನಪಿರಲಿ. ಟೈರು, ಮುಂದಿನ ಗಾಜು, ಗಾಡಿಯ ತಳ, ಕ್ಲಚ್ ಅದರಲ್ಲಿ ಸೇರಿದೆಯಾ ಅಂತ ಓದಿ.

ಆ ಊರಲ್ಲಿ ಪೆಟ್ಟು ಬೀಳೋದು ಎಡಗಡೆ ರಿಮ್‌ಗೆ. ರಸ್ತೆ ಪಕ್ಕ ಹಸಿರು ಪೊದೆ ಅಂತ ಒತ್ತಿ ಹೋದರೆ ಒಳಗೆ ಕಲ್ಲಿನ ಗೋಡೆ. ಕೀ ತಗೊಳ್ಳೋ ಮೊದಲೇ ನಾಲ್ಕೂ ರಿಮ್ ಹತ್ತಿರದಿಂದ ಫೋಟೋ ತೆಗೆಯಿರಿ, ವಿಡಿಯೋ ಬೇರೆ ಮಾಡಿ, ಮಳೆ ಹನಿ ಇದ್ದರೆ ಒರೆಸಿ ತೆಗೆಯಿರಿ. ಒದ್ದೆ ಪೇಂಟ್ ಮೇಲೆ ಗೀರು ಕಾಣಲ್ಲ. ಆಟೋಮ್ಯಾಟಿಕ್ ಬೇಕಿದ್ದರೆ ಈಗಲೇ ಬುಕ್ ಮಾಡಿ, ಜುಲೈ ಕೊನೆಗೆ ಅಲ್ಲಿ ಶಾಲೆಗಳಿಗೆ ರಜೆ. ಹಸಿರು ನಾಜಲ್ ಪೆಟ್ರೋಲ್, ಕಪ್ಪು ಡೀಸೆಲ್.

ಗೆಳೆಯರ ಕಾರು ಓಡಿಸ್ತೀವಿ ಅಂತ ಮಾತ್ರ ಹೋಗಬೇಡಿ. ಅವರ ಪಾಲಿಸಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ಅದು ವಿಮೆ ಇಲ್ಲದ ಗಾಡಿ. 300 ಪೌಂಡ್ ದಂಡ, ಮೇಲೆ ಪೊಲೀಸರು ಗಾಡಿಯನ್ನೇ ಎತ್ತಿಕೊಂಡು ಹೋಗಬಹುದು.

ರೈಲ್ವೆ_ರಾಯ
ಶೆಟ್ರೇ, ಪಾರ್ಕಿಂಗ್ ಬಗ್ಗೆ ಒಂದಕ್ಷರ ಇಲ್ಲವಲ್ಲ? ಅನುಕೂಲಕ್ಕೆ ಮರೆತಿರಬೇಕು.

ಲಂಡನ್ ಯೂಸ್ಟನ್‌ನಿಂದ ಆಕ್ಸನ್‌ಹೋಮ್ ಹೆಚ್ಚುಕಡಿಮೆ ಮೂರು ಗಂಟೆ ಒಳಗೆ. ಅಲ್ಲಿ ವಿಂಡರ್‌ಮಿಯರ್ ಕಡೆ ಹೋಗೋ ಕವಲು ಗಾಡಿ ಹತ್ತಿದರೆ ಮೊದಲ ನಿಲ್ದಾಣವೇ ಕೆಂಡಲ್. ಆ ಕವಲು ಒಂಟಿ ಹಳಿ, ಡೀಸೆಲ್ ಗಾಡಿ, ಗಂಟೆಗೊಂದು ಅಂದುಕೊಳ್ಳಿ. ಟಿಕೆಟ್ ಕೆಂಡಲ್‌ವರೆಗೂ ಒಂದೇ ಇರಲಿ. ದೊಡ್ಡ ಗಾಡಿ ತಡವಾಗಿ ಕವಲು ಗಾಡಿ ತಪ್ಪಿದರೆ ಮುಂದಿನದರಲ್ಲಿ ಕೂರಬಹುದು, ಗಮ್ಯ ತಲುಪಿದ್ದು ಒಂದು ಗಂಟೆ ತಡವಾದರೆ ಆ ಬದಿಯ ಪೂರ್ತಿ ಹಣ ವಾಪಸ್, ಅರ್ಧ ಗಂಟೆಗೆ ಅರ್ಧ. 28 ದಿನದೊಳಗೆ ಅರ್ಜಿ ಹಾಕಬೇಕು, ಸಾಮಾನ್ಯವಾಗಿ ತಾನಾಗಿ ಬರಲ್ಲ. ಟಿಕೆಟ್ ಬಿಸಾಡೋರೇ ಜಾಸ್ತಿ.

ಟೂ ಟುಗೆದರ್ ರೈಲ್‌ಕಾರ್ಡ್ ಮಾಡಿಸಿ. 35 ಪೌಂಡ್, ವರ್ಷಕ್ಕೆ. ಇಬ್ಬರ ಫೋಟೋ ಒಂದೇ ಕಾರ್ಡ್‌ನಲ್ಲಿ, ಇಬ್ಬರ ಟಿಕೆಟ್‌ನಲ್ಲೂ ಮೂರನೇ ಒಂದು ಭಾಗ ಕಡಿತ. ಇಬ್ಬರ ಟಿಕೆಟ್ ಸೇರಿ 105 ಪೌಂಡ್ ದಾಟಿದರೆ ಅಲ್ಲಿಗೇ ಕಾರ್ಡಿನ ದುಡ್ಡು ಬಂತು. ಎರಡು ಷರತ್ತು. ಸೋಮವಾರದಿಂದ ಶುಕ್ರವಾರ ಬೆಳಗ್ಗೆ 9.30ಕ್ಕೆ ಮುಂಚಿನ ಗಾಡಿಗೆ ನಡೆಯಲ್ಲ. ಇಬ್ಬರೂ ಜೊತೆಗಿರಬೇಕು, ಒಬ್ಬರೇ ಹೋದರೆ ಅದು ಬರೀ ಚೀಟಿ.

ಕೆಂಡಲ್‌ನಿಂದ ಕೆಸ್ವಿಕ್‌ಗೆ 555 ನಂಬರ್ ಬಸ್ಸು, ವಿಂಡರ್‌ಮಿಯರ್, ಆಂಬಲ್‌ಸೈಡ್, ಗ್ರಾಸ್‌ಮಿಯರ್ ಮೇಲೆ. ಮಹಡಿ ಬಸ್ಸಿನ ಮುಂದಿನ ಸೀಟಿನಿಂದ ಕಾಣೋದು ಕಾರಿನಿಂದ ಕಾಣಲ್ಲ, ಗೋಡೆ ಅಡ್ಡ ಬರುತ್ತೆ. ಒಂದು ಬದಿ ಪ್ರಯಾಣಕ್ಕೆ 3 ಪೌಂಡ್ ಮಿತಿ, 2025ರ ಜನವರಿಗೆ ಮುಂಚೆ 2 ಇತ್ತು. ಬಸ್ಸು ಬದಲಿಸಿದರೆ ಮತ್ತೆ 3. ಕೆಸ್ವಿಕ್‌ನಿಂದ ಬಾರೋಡೇಲ್‌ಗೆ 78 ನಂಬರ್ ಬಸ್ಸು. ಹಾಗಾಗಿ ಒಂದೇ ದಿನ ಮೂರು ನಾಲ್ಕು ಬಸ್ಸು ಹತ್ತೋದಿದ್ದರೆ ಡೇ ಟಿಕೆಟ್ ದರ ಕೇಳಿ ಲೆಕ್ಕ ಹಾಕಿ. ಅಲ್ಲಿನ ಹಿರಿಯರಿಗೆ ಬಸ್ಸು ಉಚಿತ, ಪ್ರವಾಸಿಗರಿಗಲ್ಲ, ಡ್ರೈವರ್ ಹತ್ತಿರ ವಾದ ಬೇಡ.

ವಾಪಸ್ ಬರುವಾಗ ಕೆಂಡಲ್‌ಗೆ ಇಳಿಯಬೇಡಿ. ಕೆಸ್ವಿಕ್‌ಗೆ ರೈಲಿಲ್ಲ, ಆ ಮಾರ್ಗ 1972ರಲ್ಲೇ ಮುಚ್ಚಿತು. ಎಕ್ಸ್4 ಅಥವಾ ಎಕ್ಸ್5 ಬಸ್ಸಲ್ಲಿ ಪೆನ್ರಿತ್‌ಗೆ ಬಂದು ಅಲ್ಲಿಂದ ಯೂಸ್ಟನ್.

ಹುಬ್ಬಳ್ಳಿ_ಹುಲಿ
ಎಲ್ಲಾರೂ ಕಾರು ಬಸ್ಸು ಅನ್ಕೋತ ಕುಂತೀರಿ, ವೀಸಾ ಆಗೇತೇನ್ರಿ ಮೊದಲ? 2025ರ ಏಪ್ರಿಲ್‌ನಾಗ 115 ಪೌಂಡ್ ಇದ್ದದ್ದು 127 ಆತು, ಆಮ್ಯಾಗ ಏರೇತೋ ಏನೋ ಕಟ್ಟೂ ಮುಂಚೆ ನೋಡ್ಕೋರಿ. ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಅರ್ಜಿ, ಗಂಡ ಹೆಂಡತಿ ಅಂತ ಒಂದ ಅರ್ಜಿ ನಡೆಯೂದಿಲ್ಲ. ತಿರಸ್ಕಾರ ಆದ್ರ ರೊಕ್ಕ ವಾಪಸ್ ಬರೂದಿಲ್ಲ. ಹೋಗೂ ಮೂರು ತಿಂಗಳ ಒಳಗ ಹಾಕಬೇಕು, ಬೆರಳಚ್ಚು ಕೊಟ್ಟ ಮ್ಯಾಲ ಸಾಮಾನ್ಯ ಮೂರು ವಾರ.

ಎಲ್ಲಿ ಕೆಡತೈತಿ ಅಂದ್ರ ಬ್ಯಾಂಕ್ ಸ್ಟೇಟ್‌ಮೆಂಟ್‌ನಾಗ. ಅರ್ಜಿ ಹಾಕೂ ಹಿಂದಿನ ವಾರ ಮಗ ನಾಲ್ಕು ಲಕ್ಷ ಹಾಕಿದ್ರ ಅದು ನಿಮ್ಮ ರೊಕ್ಕ ಅಂತ ಅವರು ಒಪ್ಪೂದಿಲ್ಲ. ಎಫ್‌ಡಿ ಮುರಿಸಿದ್ರ ಬ್ಯಾಂಕಿನ ಪತ್ರ ಇಡ್ರಿ. ಪಿಂಚಣಿ ಪ್ರತಿ ತಿಂಗಳ ಜಮಾ ಆಗೂದು ಕಾಣಬೇಕು. ಹೊಲದ ಪಹಣಿ ಕನ್ನಡದಾಗ ಇರತೈತಿ, ಹಂಗ ಅಪ್‌ಲೋಡ್ ಮಾಡಿದ್ರ ಲೆಕ್ಕಕ್ಕ ಇಲ್ಲ, ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದವರ ಸಹಿ, ತಾರೀಖು, ವಿಳಾಸ ಸಮೇತ. ಗೆಳೆಯರ ಆಮಂತ್ರಣ ಪತ್ರ ಕಡ್ಡಾಯ ಅಲ್ಲ. ಕೊಟ್ರ ವಿಳಾಸ, ಅವರು ಅಲ್ಲಿ ಯಾವ ಹಕ್ಕಿನ ಮ್ಯಾಲ ಅದಾರ, ಖರ್ಚು ಯಾರದು ಅನ್ನೂದು ಬರದಿರಬೇಕು. ಖರ್ಚು ಅವರದ ಅಂತ ಬರದ್ರ ಅವರ ಬ್ಯಾಂಕ್ ಕಾಗದನೂ ಕೇಳ್ತಾರ, ಸುಮ್ನ ಗೆಳೆಯರನ್ನ ಅದರಾಗ ಎಳೀಬ್ಯಾಡ್ರಿ.

ಸ್ಟಿಯರಿಂಗ್_ಶೆಟ್ಟಿ
ಅವರು ವೀಸಾ ಕೇಳೇ ಇಲ್ಲ ಮಾರಾಯ್ರೆ.

ಹುಬ್ಬಳ್ಳಿ_ಹುಲಿ
ರಿಮ್ ಫೋಟೋ ತಗ್ಯೂದನೂ ಕೇಳಿಲ್ರಿ ಅವರು.

ಉಲ್ಲಾಸ_ಅಲ್ಸ್‌ವಾಟರ್
ನಾನು ಅತಿಥಿಗಳನ್ನ ಕರೆಯೋ ಕಡೆಯವಳು, ಲೇಕ್ ಡಿಸ್ಟ್ರಿಕ್ಟ್ ಇರೋ ಕಂಬ್ರಿಯಾದಲ್ಲೇ ಮನೆ. ಗೆಳೆಯರ ಮನೆ ಅಂದರೆ ಬಿಟ್ಟಿ ವಸತಿ ಅಂತ ಇಲ್ಲಿ ಯಾರೂ ಯೋಚಿಸ್ತಿಲ್ಲ ಅಂದುಕೊಳ್ಳಲಾ?

ಕಣಿವೆಯೊಳಗಿನ ಮನೆಗಳಿಗೆ ಎಷ್ಟೋ ಕಡೆ ಊರಿನ ಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕ್. ವೆಟ್ ವೈಪ್ಸ್, ಹತ್ತಿ, ಎಣ್ಣೆ ಯಾವುದೂ ಅದಕ್ಕೆ ಹೋಗಬಾರದು. ಕರಿದ ಎಣ್ಣೆ ಸಿಂಕಿಗೆ ಸುರಿದರೆ ಕೊಳವೆಯಲ್ಲಿ ಹೆಪ್ಪುಗಟ್ಟುತ್ತೆ, ತೆಗೆಯೋಕೆ ಟ್ಯಾಂಕರ್ ಬರಬೇಕು, ಆ ಕಿರಿದಾದ ದಾರಿಗೆ ಅದು ಬರೋದೇ ಕಷ್ಟ. ಬಿಸಿನೀರು ಹಲವು ಮನೆಗಳಲ್ಲಿ ಸಿಲಿಂಡರ್‌ನಲ್ಲಿ ಕಾಯ್ದಿಟ್ಟದ್ದು. ಒಬ್ಬರು ಅರ್ಧ ಗಂಟೆ ಷವರ್ ಬಿಟ್ಟರೆ ಮುಂದಿನವರಿಗೆ ತಣ್ಣೀರು.

ಬಚ್ಚಲಲ್ಲಿ ನೆಲಕ್ಕೆ ನೀರು ಹೋಗೋ ತೂತು ಇರಲ್ಲ. ಇದನ್ನ ಎಷ್ಟು ಹೇಳಿದರೂ ಸಾಲದು. ಟಬ್ಬಿನ ಹೊರಗೆ ನಿಂತು ಚೊಂಬಿನಲ್ಲಿ ಸುರಿದುಕೊಂಡರೆ ನೀರು ವಿನೈಲ್ ಅಂಚಿನಿಂದ ಇಳಿದು ಮರದ ಹಲಗೆಗೆ, ಅಲ್ಲಿಂದ ಕೆಳಗಿನ ಕೋಣೆಯ ಚಾವಣಿಗೆ. ಚಾವಣಿ ಪ್ಲಾಸ್ಟರ್‌ಬೋರ್ಡ್. ಮೊದಲು ಚಹಾ ಬಣ್ಣದ ಉಂಗುರ ಮೂಡುತ್ತೆ, ಆಮೇಲೆ ಬೋರ್ಡ್ ಜೋತು ಬೀಳುತ್ತೆ. ಷವರ್ ಪರದೆಯ ತುದಿ ಟಬ್ಬಿನ ಒಳಗಿರಲಿ. ಒಗ್ಗರಣೆಗೆ ಮುಂಚೆ ಹೊಗೆ ಎಳೆಯೋ ಎಕ್ಸ್‌ಟ್ರಾಕ್ಟರ್ ಫ್ಯಾನ್ ಹಾಕಿ, ಅಡುಗೆಮನೆ ಬಾಗಿಲು ಮುಚ್ಚಿ, ಇಲ್ಲದಿದ್ದರೆ ಮೊಗಸಾಲೆಯ ಹೊಗೆ ಅಲಾರಂ ಕೂಗುತ್ತೆ.

ತುಪ್ಪ, ಪನೀರು, ಖೋವಾದ ಸಿಹಿ ತರಬೇಡಿ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ತರೋಕೆ ಅನುಮತಿ ಇಲ್ಲ, ಕಸ್ಟಮ್ಸ್‌ನಲ್ಲಿ ತೆಗೆದುಕೊಳ್ತಾರೆ. ಸಾರಿನ ಪುಡಿ, ಚಟ್ನಿಪುಡಿ ತನ್ನಿ, ಸಂತೋಷ.

ಇನ್ನು ಸ್ಟೇಷನ್‌ಗೆ ಬಂದು ಕರೆದುಕೊಂಡು ಹೋಗಿ ಅನ್ನೋದು. ಪೆನ್ರಿತ್‌ನಿಂದ ಕೆಸ್ವಿಕ್‌ಗೇ ಸುಮಾರು 29 ಕಿ.ಮೀ., ಒಂದು ಬದಿಗೆ. ಬಂದವರು ಹೋಗಿ ವಾಪಸ್ ಬರಬೇಕಲ್ಲ. ಪೆಟ್ರೋಲ್ ಹಾಕಿಸಿ, ಅವರು ಬೇಡ ಅಂದರೂ ಹಾಕಿಸಿ.

ಹುಬ್ಬಳ್ಳಿ_ಹುಲಿ
ಧಾರವಾಡ ಪೇಡೆ ಬ್ಯಾಡ ಅಂದ್ರ ಗೆಳೆತನಾನೂ ಬ್ಯಾಡ ಅಂದಂಗ ಆತ್ರಿ ಅಕ್ಕಾರ. ಸೂಟ್‌ಕೇಸಿನಾಗ ಅರ್ಧ ಕೇಜಿ ಯಾರು ನೋಡ್ತಾರ?

ಉಲ್ಲಾಸ_ಅಲ್ಸ್‌ವಾಟರ್
ಪೇಡೆ ಹೋಗೋದು ನಿಮ್ಮದು, ಅವರಿಗ್ಯಾಕೆ ಉಪದೇಶ? ಆ ಮೇಡಂ ಮೊದಲ ಸಲ ಹೋಗ್ತಿರೋದು.

ತೀರ್ಥಹಳ್ಳಿ_ಮಳೆ
ಮಳೆ ಬಗ್ಗೆ ಯಾರೂ ಹೇಳಿಲ್ಲ. ಬಾರೋಡೇಲ್‌ನ ಸೀತ್‌ವೇಟ್ ಇಂಗ್ಲೆಂಡಿನಲ್ಲೇ ಜನವಸತಿ ಇರೋ ಅತಿ ಮಳೆಯ ಜಾಗ, ವರ್ಷಕ್ಕೆ 3,000 ಮಿ.ಮೀ. ದಾಟುತ್ತೆ. ಆಗುಂಬೆಯವರು 7,000 ಕಂಡವರು, ನಗಬಹುದು. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಮಳೆಗಾಲ ಅಂತ ಒಂದಿದೆ, ಅಲ್ಲಿ ಜುಲೈನಲ್ಲೂ ಬೆಳಗ್ಗೆ ಬಿಸಿಲು, ಮಧ್ಯಾಹ್ನ 12 ಡಿಗ್ರಿ, ಅಡ್ಡ ಗಾಳಿ. ಛತ್ರಿ ಮಗುಚಿಕೊಳ್ಳುತ್ತೆ. ಹೊಲಿಗೆಗೆ ಒಳಗಿನಿಂದ ಟೇಪ್ ಹಾಕಿದ ರೇನ್ ಜಾಕೆಟ್ ಬೇಕು. ಜೀನ್ಸ್ ಬೇಡ, ನೆನೆದರೆ ಇಡೀ ದಿನ ಒಣಗಲ್ಲ. ಗಾಳಿ ನಿಂತ ಸಂಜೆ ಮಿಡ್ಜ್ ಅನ್ನೋ ಸಣ್ಣ ನೊಣ, ಕಾಲಿಗೆ ರಕ್ತ ಹೀರೋ ಉಣ್ಣಿ. ಉಣ್ಣಿ ಕಚ್ಚಿದ್ದರೆ ಸಣ್ಣ ತುದಿಯ ಚಿಮಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಎಳೀರಿ, ಎಣ್ಣೆ, ಸುಣ್ಣ ಹಚ್ಚೋದು ಬೇಡ.

ಮಂಡಿ ನೋವಿಗೆ ಟಾರ್ನ್ ಹೌಸ್ ಅನ್ನೋ ಸಣ್ಣ ಕೆರೆಯ ಸುತ್ತು ಸರಿಯಾದ ಜಾಗ, ಮೂರು ಕಿ.ಮೀ.ಗೆ ಸ್ವಲ್ಪ ಕಡಿಮೆ, ಗಟ್ಟಿ ದಾರಿ. ಬಟರ್‌ಮಿಯರ್ ಕೆರೆ ಸುತ್ತು 7 ಕಿ.ಮೀ., ಹೆಚ್ಚಿನಂಶ ಸಮತಟ್ಟು. ರಾಷ್ಟ್ರೀಯ ಉದ್ಯಾನದವರದ್ದೇ ‘ಮೈಲ್ಸ್ ವಿದೌಟ್ ಸ್ಟೈಲ್ಸ್’ ಅನ್ನೋ ಪಟ್ಟಿ ಇದೆ, ಬೇಲಿ ಹತ್ತಿ ಇಳಿಯೋದಿಲ್ಲದ ದಾರಿಗಳು. ಪ್ರವಾಸ ವಿಮೆಗೆ ಮಂಡಿ, ಬಿಪಿ, ಶುಗರ್ ಎಲ್ಲ ಬರೆಸಿ. ಆಸ್ಪತ್ರೆಗೆ ದಾಖಲಾದರೆ ಹೊರದೇಶದವರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ತನ್ನ ವೆಚ್ಚದ 150% ಬಿಲ್ ಮಾಡುತ್ತೆ.

ರೈಲ್ವೆ_ರಾಯ
ಟಾರ್ನ್ ಹೌಸ್‌ಗೆ ಶೆಟ್ರ ಕಾರಲ್ಲಿ ಹನ್ನೊಂದು ಗಂಟೆಗೆ ಹೋಗಿ ನೋಡಿ, ಪಾರ್ಕಿಂಗ್ ತುಂಬಿರುತ್ತೆ. ಎಷ್ಟೋ ಖಾಸಗಿ ಪಾರ್ಕಿಂಗ್‌ಗಳಲ್ಲಿ ಒಳಗೆ ಬಂದ ಕ್ಷಣದಿಂದ ಕ್ಯಾಮರಾ ಲೆಕ್ಕ, ಚೀಟಿ ತೆಗೆದ ಹೊತ್ತಿನಿಂದಲ್ಲ. ಜಾಗ ಹುಡುಕುತ್ತಾ ಸುತ್ತಿದ ಸಮಯವೂ ಸೇರುತ್ತೆ. ಮೀರಿದರೆ 100 ಪೌಂಡ್‌ವರೆಗೂ ನೋಟಿಸು. ಅದು ಹೋಗೋದು ಬಾಡಿಗೆ ಕಂಪನಿಗೆ, ಅವರು ನಿಮ್ಮ ವಿವರ ಕೊಟ್ಟು ತಮ್ಮ ಆಡಳಿತ ಶುಲ್ಕ ಬೇರೆ ಕಾರ್ಡಿನಿಂದ ಕಡಿದುಕೊಳ್ತಾರೆ. ಆ್ಯಪ್‌ನಲ್ಲಿ ಕಟ್ಟೋಣ ಅಂದರೆ ಕಣಿವೆಯಲ್ಲಿ ಸಿಗ್ನಲ್ ಇಲ್ಲ.

ಸ್ಟಿಯರಿಂಗ್_ಶೆಟ್ಟಿ
ಒಂಬತ್ತಕ್ಕೆ ಮುಂಚೆ ಹೋದರೆ ಜಾಗ ಸಿಗುತ್ತೆ. ಮೆಷಿನ್ ನಾಣ್ಯ ತಗೊಳ್ಳೋ ಕಡೆ ಆ್ಯಪ್ ಬೇಡ. ನಿಮ್ಮ ರಿಯಾಯಿತಿ ಕಾರ್ಡಿಗೆ ಒಂಬತ್ತೂವರೆವರೆಗೆ ಹಾಸಿಗೆ ಬಿಟ್ಟು ಏಳೋ ಹಾಗೇ ಇಲ್ಲವಲ್ಲ ರಾಯರೇ. ಅಂದ ಹಾಗೆ 60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಇದೆ, ಅದೇ ಮೂರನೇ ಒಂದು, ಒಬ್ಬೊಬ್ಬರೂ ಹೋಗಬಹುದು. ಅದನ್ನ ಯಾಕೆ ಹೇಳಲಿಲ್ಲ?

ರೈಲ್ವೆ_ರಾಯ
ಯಾಕಂದರೆ ಅದು ಒಬ್ಬರಿಗೊಂದು, ಇಬ್ಬರಿಗೆ ಸೇರಿ 70 ಪೌಂಡ್. ಜೊತೆಯಾಗಿ ಹೋಗೋ ದಂಪತಿಗೆ 35ರಲ್ಲಿ ಆಗೋ ಕೆಲಸ.

ಕಾವೇರಿ_ದಂಡೆ
ಎಲ್ಲರಿಗೂ ಧನ್ಯವಾದ. ಬಾರೋಡೇಲ್ ಗೆಳೆಯರು ಹಾರ್ಡ್‌ನಾಟ್ ಪಾಸ್ ಅನ್ನೋ ಘಾಟಿ ರಸ್ತೆ ನೋಡಲೇಬೇಕು ಅಂತಿದ್ದಾರೆ. ಬೋಟಿನ ಬಗ್ಗೆ ಯಾರಾದರೂ ಹೇಳ್ತೀರಾ?

ತೀರ್ಥಹಳ್ಳಿ_ಮಳೆ
ಬೋಟು: ಡರ್ವೆಂಟ್‌ವಾಟರ್‌ನಲ್ಲಿ ಕೆಸ್ವಿಕ್ ಲಾಂಚ್, ಕೆರೆ ಸುತ್ತ ಜೆಟ್ಟಿಗಳಲ್ಲಿ ನಿಲ್ಲುತ್ತೆ, ಒಂದು ಸುತ್ತು ಒಂದು ಗಂಟೆಗೆ ಕಡಿಮೆ. ಮಂಡಿಗೆ ಇದೇ ಸಾಕು. ಅಲ್ಸ್‌ವಾಟರ್ ಸ್ಟೀಮರ್ ಗ್ಲೆನ್‌ರಿಡಿಂಗ್‌ನಿಂದ ಪೂಲಿ ಬ್ರಿಜ್‌ವರೆಗೆ. ಕಡೇ ಬೋಟಿನ ಸಮಯ ಹತ್ತೋ ಮೊದಲೇ ಕೇಳಿ, ತಪ್ಪಿದರೆ ನಡುವಿನ ನಿಲುಗಡೆ ಹೌಟೌನ್‌ನಿಂದ ಗ್ಲೆನ್‌ರಿಡಿಂಗ್‌ಗೆ ನಡೆದೇ ಬರೋದು 10 ಕಿ.ಮೀ. ಮೇಲೆ.

ಸ್ಟಿಯರಿಂಗ್_ಶೆಟ್ಟಿ
ಹಾರ್ಡ್‌ನಾಟ್ 393 ಮೀಟರ್ ಎತ್ತರ, ಕಡಿದಾದ ಕಡೆ ಮೂರು ಅಡಿ ಹೋದರೆ ಒಂದು ಅಡಿ ಏರು. ಮೊದಲನೇ ಗೇರ್‌ನಲ್ಲೇ ಹತ್ತಿ, ಮೊದಲನೇ ಗೇರ್‌ನಲ್ಲೇ ಇಳೀರಿ, ಬ್ರೇಕ್ ತುಳಿದೇ ಇಳಿದರೆ ಕಾದು ಹಿಡಿತ ತಪ್ಪುತ್ತೆ. ಅರ್ಧ ಕ್ಲಚ್‌ನಲ್ಲಿ ನಿಲ್ಲಿಸಬೇಡಿ, ಹ್ಯಾಂಡ್‌ಬ್ರೇಕ್ ಎಳೀರಿ. ಏರಿ ಬರೋರಿಗೆ ಮೊದಲ ದಾರಿ, ಇಳಿಯೋರು ಪಾಸಿಂಗ್ ಪ್ಲೇಸ್‌ನಲ್ಲಿ, ಅಂದರೆ ಎದುರು ಗಾಡಿಗೆ ದಾರಿ ಬಿಡೋಕೆ ರಸ್ತೆ ಅಗಲ ಮಾಡಿದ ಜಾಗದಲ್ಲಿ, ನಿಲ್ಲಬೇಕು.

ಉಲ್ಲಾಸ_ಅಲ್ಸ್‌ವಾಟರ್
ಪಾಸಿಂಗ್ ಪ್ಲೇಸ್ ಬಲಗಡೆ ಇದ್ದರೆ ಅದರೊಳಗೆ ನುಗ್ಗಬಾರದು, ನಿಮ್ಮ ಎಡಕ್ಕೇ ಅದರ ಎದುರು ನಿಲ್ಲಬೇಕು, ಎದುರಿನವರು ಅದರೊಳಗೆ ಸರಿದು ಹೋಗ್ತಾರೆ. ಇದನ್ನ ಹೇಳದೆ ಹಾರ್ಡ್‌ನಾಟ್‌ಗೆ ಕಳಿಸ್ತೀರಲ್ಲ. ಅಲ್ಲಿ ನಿಲ್ಲಿಸಿ ಫೋಟೋ ತೆಗೆಯೋರೂ ನಮ್ಮವರೇ. ಮಂಡಿನೋವಿನವರು, ಹೊಸ ಗಾಡಿ, ಆ ರಸ್ತೆ ಬೇಡ. ಗೆಳೆಯರು ಕರೆದರೆ ಅವರೇ ಓಡಿಸಲಿ.

ಸ್ಟಿಯರಿಂಗ್_ಶೆಟ್ಟಿ
ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಸಿದವರಿಗೆ ಅದೇನು ಮಹಾ.

ತೀರ್ಥಹಳ್ಳಿ_ಮಳೆ
ಆಗುಂಬೆಯಲ್ಲಿ ಎರಡು ಗಾಡಿ ಎದುರುಬದುರು ಹೋಗುತ್ತೆ ಶೆಟ್ರೇ, ಅಲ್ಲಿ ಒಂದೇ. ರಿವರ್ಸ್ ಬರಬೇಕಾದಾಗ ಹಿಂದೆ ನಾಲ್ಕು ಗಾಡಿ ಇರುತ್ತೆ.

ರೈಲ್ವೆ_ರಾಯ
ಕಾರಿನವರು ವಿಂಡರ್‌ಮಿಯರ್ ಕೆರೆ ದಾಟೋಕೆ ಗಾಡಿ ಸಾಗಿಸೋ ಫೆರ್ರಿ ಇದೆ ಅಂತಲೂ ಬರೀತಾರೆ ಈಗ. ಜುಲೈನಲ್ಲಿ ಅದರ ಸಾಲು ನೋಡಿ ಬನ್ನಿ. ಅದು ಕೇಬಲ್ ಹಿಡಿದು ಎಳೆದುಕೊಂಡು ಹೋಗೋದು, ಗಾಳಿ ಜೋರಾದರೆ ನಿಲ್ಲಿಸ್ತಾರೆ. ನಿಂತರೆ ಕೆರೆ ಸುತ್ತಿಕೊಂಡೇ ಹೋಗಬೇಕು.

ಸ್ಟಿಯರಿಂಗ್_ಶೆಟ್ಟಿ
ನಾನು ಫೆರ್ರಿ ಅಂತ ಬರೆದೇ ಇಲ್ಲ. ಮೇಲಕ್ಕೆ ಹೋಗಿ ಓದಿ.